ಸೀಲಿಯಾಕ್ ಕಾಯಿಲೆಗೆ ಔಷಧ ಬಂದಿದೆಯೇ?

ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ತಿಳಿದ ಸಿಂಧನೂರಿನ ತಾಯಿಯೊಬ್ಬರು, ಗೋಧಿ ಬಿಡುವುದರ ಹೊರತು ಬೇರೆ ಚಿಕಿತ್ಸೆ ಇದೆಯೇ ಎಂದು ಕೇಳಿದ್ದಾರೆ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ ಇದು. ಜೀವನಪರ್ಯಂತ ಗ್ಲುಟನ್‌ರಹಿತ ಆಹಾರವೇ ಇಂದಿಗೂ ಇದರ ಚಿಕಿತ್ಸೆ; ಸಂಶೋಧನೆ ಮಾತ್ರ ಗಟ್ಟಿಯಾಗಿ ಮುಂದುವರಿದಿದೆ.

ಗೋಧಿ, ಬಾರ್ಲಿಗಳ ಗ್ಲುಟನ್ ಪೂರ್ತಿ ಜೀರ್ಣವಾಗದೆ ಸಣ್ಣ ಕರುಳಿನ ಗೋಡೆಯನ್ನು ಸೇರಿದಾಗ, ಟ್ರಾನ್ಸ್‌ಗ್ಲುಟಮಿನೇಸ್ 2 ಎಂಬ ಕಿಣ್ವ ಅದರ ತುಣುಕುಗಳ ರೂಪವನ್ನು ಬದಲಿಸುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುಣವುಳ್ಳ ಕೆಲವರಲ್ಲಿ ಈ ಬದಲಾದ ತುಣುಕುಗಳು ರೋಗನಿರೋಧಕ ಕಣಗಳನ್ನು ಕೆರಳಿಸಿ, ಕರುಳಿನ ಒಳಪದರ ಹಾಳಾಗುವಂತೆ ಮಾಡುತ್ತವೆ. ಆ ಕಿಣ್ವವನ್ನೇ ತಡೆಯುವ ಝಡ್‌ಇಡಿ1227 ಎಂಬ ಔಷಧದ ಎರಡನೇ ಹಂತದ ಪ್ರಯೋಗದ ವರದಿ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗಿಗಳು 6 ವಾರ ದಿನಕ್ಕೆ 3 ಗ್ರಾಂ ಗ್ಲುಟನ್ ಸೇವಿಸಿದರೂ, ಔಷಧ ಪಡೆದವರ ಕರುಳಿಗೆ ಆದ ಹಾನಿ ಕಡಿಮೆಯಿತ್ತು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಭರವಸೆಯ ದಾರಿ. ಕರುಳಿನ ಗೋಡೆಯ ಸೋರಿಕೆಯನ್ನು ತಡೆಯಬೇಕಿದ್ದ ಇನ್ನೊಂದು ಔಷಧ ಲಾರಜೋಟೈಡ್‌ನ ಮೂರನೇ ಹಂತದ ಪ್ರಯೋಗವನ್ನು 2022ರಲ್ಲಿ ನಿಲ್ಲಿಸಲಾಯಿತು.

ರಾಯಚೂರು ಸೀಮೆಯವರಿಗೆ ಒಂದು ಸಮಾಧಾನವಿದೆ: ಜೋಳ, ನವಣೆ, ಸಜ್ಜೆ, ಅಕ್ಕಿ ಯಾವುದರಲ್ಲಿಯೂ ಈ ಗ್ಲುಟನ್ ಇಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ಜೋಳ ಬೀಸಿಸಿದರೆ ಪಥ್ಯ ಕೆಡುತ್ತದೆ. ಅಂಗಡಿಯ ಇಂಗಿನಲ್ಲಿಯೂ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಮಗಳ ಒಡಹುಟ್ಟಿದವರಿಗೂ ರಕ್ತಪರೀಕ್ಷೆ ಮಾಡಿಸಿ; ಪರೀಕ್ಷೆಗೆ ಮೊದಲೇ ಅವರಿಗೆ ಗೋಧಿ ಬಿಡಿಸಿದರೆ, ಕಾಯಿಲೆ ಇದ್ದರೂ ಅದು ಪತ್ತೆಯಾಗದೆ ಹೋಗಬಹುದು.