ರನ್‌ವೇ ಅವರದ್ದು, ಟರ್ಮಿನಲ್ ನಮ್ಮದು

ಪ್ರಶ್ನೆ: ನಮ್ಮ ಬೀದರ್‌ನಲ್ಲಿ ಏರ್‌ಫೋರ್ಸ್‌ನವರ ರನ್‌ವೇ ಎಷ್ಟೋ ವರ್ಷದಿಂದ ಇದೆ, ಆದ್ರೂ ಪ್ಯಾಸೆಂಜರ್ ವಿಮಾನ ಬರೋಕೆ 2020ರ ಫೆಬ್ರವರಿ ತನಕ ಕಾಯ್ಬೇಕಾಯ್ತು. ಮಿಲಿಟರಿ ಜಾಗದಲ್ಲಿ ಸಿವಿಲ್ ವಿಮಾನ ಇಳೀಬಾರ್ದು ಅಂತ ಕಾನೂನೇ ಇದೆಯಾ?
- ಒಬ್ಬ ಓದುಗರು, ಬೀದರ್

ಉತ್ತರ: ಇಳೀಲೇಬಾರ್ದು ಅಂತ ಏನೂ ಇಲ್ಲ ಸ್ವಾಮಿ, ಕೇಳಿ ಇಳೀಬೇಕು ಅಷ್ಟೇ. 1994ರ ಏರ್‌ಪೋರ್ಟ್ಸ್ ಅಥಾರಿಟಿ ಕಾಯ್ದೆಯಲ್ಲಿ ಸಿವಿಲ್ ಎನ್‌ಕ್ಲೇವ್ ಅನ್ನೋ ಪದ ಬರುತ್ತೆ, ಅಂದ್ರೆ ಸೇನೆಯ ವಿಮಾನ ನಿಲ್ದಾಣದೊಳಗೆ ಪ್ರಯಾಣಿಕರಿಗೆ ಅಂತ ಬಿಟ್ಟುಕೊಟ್ಟಿರೋ ಒಂದು ತುಂಡು ಜಾಗ. ಅಲ್ಲಿ ಟರ್ಮಿನಲ್ ನಮ್ಮದು, ರನ್‌ವೇ ಅವರದ್ದು. ಬಾಡಿಗೆ ಮನೇಲಿ ಓನರ್ ಮೋಟರ್ ಹಾಕಿದಾಗ್ಲೇ ನೀರು ಹಿಡ್ಕೋಬೇಕಲ್ಲ, ಹಂಗೆ. ಗೋವಾದ ದಾಬೋಲಿಂ ಏರ್‌ಪೋರ್ಟ್ ನೌಕಾಪಡೆದು, ಅಲ್ಲಿ ವಾರದ ದಿನಗಳಲ್ಲಿ ಬೆಳಗ್ಗೆ ಕೆಲವು ಗಂಟೆ ನೌಕಾಪಡೆ ತರಬೇತಿಗೆ ಅಂತ ಬೇರೆ ವಿಮಾನಗಳಿಗೆ ಅವಕಾಶ ಇರ್ತಿರ್ಲಿಲ್ಲ. ಗೋವಾದಲ್ಲೇ ಮೋಪಾ ಅನ್ನೋ ಕಡೆ ಎರಡನೇ ಏರ್‌ಪೋರ್ಟ್ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ, ಅದು ಶುರುವಾಗಿದ್ದು 2023ರ ಜನವರಿಯಲ್ಲಿ.

ಆದ್ರೆ ನಿಮ್ಮೂರಿನ ವಿಷ್ಯದಲ್ಲಿ ಬರೀ ಏರ್‌ಫೋರ್ಸ್‌ನ ಬೈಯೋದು ಸರಿಯಲ್ಲ. ಹೈದರಾಬಾದ್ ಹೊಸ ಏರ್‌ಪೋರ್ಟ್‌ಗೆ 2004ರಲ್ಲಿ ಒಪ್ಪಂದ ಆದಾಗ, ಸುತ್ತ 150 ಕಿಲೋಮೀಟರ್ ಒಳಗೆ 25 ವರ್ಷ ಪೈಪೋಟಿಗೆ ಬೇರೆ ಏರ್‌ಪೋರ್ಟ್ ಬರಬಾರ್ದು ಅನ್ನೋ ಷರತ್ತು ಸೇರಿಸಿದ್ರು, ಬೀದರ್ ಆ ಗೆರೆಯೊಳಗೇ ಸಿಕ್ಕಾಕೊಂಡ್ತು, ಟರ್ಮಿನಲ್ ಕಟ್ಟಿ ವರ್ಷಗಟ್ಲೆ ಸುಮ್ನೆ ನಿಂತಿತ್ತು. ನನ್ನ ಕೇಳಿದ್ರೆ ಸೈನಿಕರಿಗಿಂತ ಗಟ್ಟಿ ಕಾವಲು ಕಾದಿದ್ದು ಆ ಕಾಗದವೇ. ಬೆಂಗ್ಳೂರು ಒಪ್ಪಂದದಲ್ಲೂ ಇದೇ ಷರತ್ತಿದೆ, ಮೈಸೂರು ಹಾಸನಕ್ಕೆ ಮಾತ್ರ ವಿನಾಯಿತಿ.

ಪ್ರಶ್ನೆ: ಪುಣೆಯಲ್ಲಿ ಲ್ಯಾಂಡ್ ಆಗ್ತಿದ್ದಾಗ ಏರ್‌ಹೋಸ್ಟೆಸ್ ಬಂದು ಕಿಟಕಿ ಪರದೆ ಮುಚ್ಚಿಸಿದ್ರು, ಮೊಬೈಲೂ ಒಳಗಿಡಿ ಅಂದ್ರು. ಯಾಕೆ?
- ಇನ್ನೊಬ್ಬ ಓದುಗರು

ಉತ್ತರ: ಪುಣೆಯ ಲೋಹೆಗಾಂವ್ ಏರ್‌ಪೋರ್ಟ್ ವಾಯುಪಡೆಯದ್ದು, ಅದಕ್ಕೇ. ಇಂಥ ಕಡೆ ಫೋಟೋ ವಿಡಿಯೋ ತೆಗೆಯೋ ಹಂಗಿಲ್ಲ, ಇದು ಹಳೇ ನಿಯಮ. 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಗಲಾಟೆ ಆದ್ಮೇಲೆ ವಿಮಾನಯಾನದ ನಿಯಮ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಅದರ ಮೇಲೆ ಪರದೆ ಆದೇಶಾನೂ ಹೊರಡಿಸ್ತು, ರಕ್ಷಣಾ ಪಡೆಗಳ ಏರ್‌ಪೋರ್ಟಲ್ಲಿ ಹತ್ತುವಾಗ 10,000 ಅಡಿ ದಾಟೋ ತನಕ, ಇಳಿಯುವಾಗ ಅಲ್ಲಿಂದ ಕೆಳಗೆ ಬಂದ್ಮೇಲೆ ಆಗ ಪರದೆ ಮುಚ್ಚಿರ್ಬೇಕಿತ್ತು. ಎಮರ್ಜೆನ್ಸಿ ಬಾಗಿಲ ಸಾಲಿಗೆ ಮಾತ್ರ ಬಿಟ್ರು, ಅನಾಹುತ ಆದ್ರೆ ಬಾಗಿಲು ತೆಗೆಯೋಕೆ ಮುಂಚೆ ಹೊರಗೆ ಬೆಂಕಿ ಇದೆಯಾ ಅಂತ ಯಾರಾದ್ರೂ ನೋಡ್ಬೇಕಲ್ಲ.