ಕರೆದರೆ ಓಗೊಡದ ಎರಡನೇ ಕ್ಲಾಸಿನ ಮಗ

ನಿಮ್ಮ ಮಗ ನೆಗಡಿ ಬಂದುಹೋದ ಮೇಲೆ ಟಿವಿ ಸೌಂಡು ಜಾಸ್ತಿ ಇಡುತ್ತಾನೆ, ಕರೆದರೆ 'ಆಂ?' ಅನ್ನುತ್ತಾನೆ, ಡಿಕ್ಟೇಷನ್‌ನಲ್ಲಿ ತಪ್ಪು ಮಾಡುತ್ತಾನೆ ಅಂದಿದ್ದೀರಿ. ಬಹುಶಃ ಕಿವಿತಮಟೆಯ ಹಿಂದೆ ನೀರು ತುಂಬಿದೆ. ಇದರಲ್ಲಿ ನೋವು ಅಷ್ಟಾಗಿ ಇರುವುದಿಲ್ಲ, ಹಾಗಾಗಿ ಮಕ್ಕಳು ಹೇಳುವುದೂ ಇಲ್ಲ. ನನ್ನ ಮಗಳು ಇದಕ್ಕೇ ವರ್ಷವಿಡೀ 'ಗಮನ ಕೊಡಲ್ಲ' ಅಂತ ಬೈಸಿಕೊಂಡಳು. ಬರೀ ಗುಗ್ಗೆಯೂ ಇರಬಹುದು, ಕಿವಿ ನೋಡದೆ ಹೇಳಲಾಗದು.

ಎಣ್ಣೆ, ಬಡ್ಸ್ ಏನೂ ಹಾಕಬೇಡಿ. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಆಮೇಲೆ ಆಡಿಯೋಮೆಟ್ರಿ (ಎಷ್ಟು ಕೇಳಿಸುತ್ತದೆ ಅಂತ ನೋಡುವ ಪರೀಕ್ಷೆ), ಟಿಂಪನೋಮೆಟ್ರಿ (ಕಿವಿತಮಟೆ ಸರಿಯಾಗಿ ಅಲುಗಾಡುತ್ತದಾ ಅಂತ ನೋಡುವ ಪರೀಕ್ಷೆ) ಎರಡೂ ಮಾಡಿಸಿ. ಮೈಸೂರು ಹತ್ತಿರವಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೇ ಹೋಗಿ. ನೀರೇ ಆಗಿದ್ದರೆ ಸಾಮಾನ್ಯವಾಗಿ 3 ತಿಂಗಳು ಕಾದು ಮತ್ತೆ ಪರೀಕ್ಷಿಸುತ್ತಾರೆ. ಎಷ್ಟೋ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ. ಆದರೂ ಆ ಎರಡನೇ ಪರೀಕ್ಷೆ ತಪ್ಪಿಸಬೇಡಿ. ಟೀಚರಿಗೆ ನಾಳೆಯೇ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ.