‘ಇನ್‌ಸ್ಪಿಸೇಟೆಡ್’ ಅಂದರೆ ಮಸಾಲೆ ಅಲ್ಲ, ಬತ್ತಿಸಿದ್ದು
ಲೋಳೆಸರದ ‘ಇನ್‌ಸ್ಪಿಸೇಟೆಡ್ (inspissated) ಜ್ಯೂಸ್’ ಅನ್ನೋ ಇಂಗ್ಲಿಷ್ ಸಾಲಿನ ಅನುವಾದ ಹಾಕಿದ್ದೀರಲ್ಲ, ಅದರಲ್ಲಿ ಪದದ ನಡುವಿನ ‘ಸ್ಪಿಸ್’ ಅನ್ನು ಸ್ಪೈಸ್, ಅಂದರೆ ಮಸಾಲೆ ಅಂದುಕೊಂಡಿದ್ದೀರಿ. ಅದಕ್ಕೇ ನಿಮ್ಮ ಅನುವಾದದಲ್ಲಿ ‘ಇನ್‌ಸ್ಪಿಸೇಟೆಡ್ ಜ್ಯೂಸ್’ ಹೋಗಿ ‘ಮಸಾಲೆ ಬೆರೆಸಿದ ಲೋಳೆಸರದ ರಸ’ ಆಗಿದೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಔಷಧಿ ಪುಸ್ತಕದಲ್ಲಿ ನಾನೂ ಇಲ್ಲೇ ಎಡವಿದ್ದೆ.

ಮೊದಲು ಪದ ಬಿಡಿಸಿ. ಲ್ಯಾಟಿನ್‌ನಲ್ಲಿ ‘ಸ್ಪಿಸ್ಸುಸ್’ ಅಂದರೆ ದಟ್ಟ, ಮಂದ. ಮುಂದೆ ‘ಇನ್’ ಸೇರಿ ‘ಇನ್‌ಸ್ಪಿಸ್ಸಾರೆ’, ಮಂದ ಮಾಡು. ಇಟಾಲಿಯನ್ನಿನ ‘ಸ್ಪೆಸ್ಸೊ’, ಸ್ಪ್ಯಾನಿಷಿನ ‘ಎಸ್ಪೆಸೊ’ ಇದರಿಂದಲೇ ಹುಟ್ಟಿದವು. ಸ್ಪೈಸ್ ಬಂದಿದ್ದು ‘ಸ್ಪೆಕಿಯೆಸ್’ ಅನ್ನೋ ಬೇರೆ ಪದದಿಂದ.

ಆಮೇಲೆ ಹೇಗೆ ಮಂದವಾಯಿತು ಅಂತ ನೋಡಿ. ಹಿಟ್ಟು ಕದಡಿ ಸಾರು ಗಟ್ಟಿ ಮಾಡುತ್ತೇವಲ್ಲ, ಹಾಗಲ್ಲ. ಇಂಗ್ಲಿಷಿನಲ್ಲಿ ಇದನ್ನು ಜಾಸ್ತಿ ಬಳಸುವುದು ನೀರಿನಂಶ ಹೋಗಿ ಗಟ್ಟಿಯಾಗುವುದಕ್ಕೆ. ಆಲೆಮನೆಯ ಕೊಪ್ಪರಿಗೆ ನೋಡಿದ್ದೀರಾ? ಕಬ್ಬಿನ ಹಾಲು ಮೊದಲು ಬುಳುಬುಳು ಕುದಿಯುತ್ತದೆ. ಕೊನೆಕೊನೆಗೆ ಗುಳ್ಳೆ ದಪ್ಪಗಾಗಿ, ನಿಧಾನಕ್ಕೆ ಒಡೆಯುತ್ತದೆ. ಅದೇ ಇದು. ನಮ್ಮಲ್ಲಿ ‘ಬತ್ತಿಸು’ ಅನ್ನೋ ಚೆಂದದ ಪದ ಇರುವಾಗ ‘ಸಾಂದ್ರೀಕೃತ’ ಸುಮ್ನೆ ಯಾಕೆ?

ನಿಮ್ಮ ವಾಕ್ಯಕ್ಕೆ ‘ಬತ್ತಿಸಿದ ಲೋಳೆಸರದ ರಸ’ ಹಾಕಿ. ನೀವು ಹಾಕಿರುವುದು ಒಂದೇ ಸಾಲು. ಮುಂದಿನ ಸಾಲಲ್ಲಿ ಒಣಗಿದ ಕಪ್ಪು ತುಂಡಿನ ವಿವರ ಇದ್ದರೆ ಬಹುಶಃ ‘ಕರಿಬೋಳ’ವೇ (ಲೋಳೆಸರದ ರಸ ಬತ್ತಿಸಿ ಒಣಗಿಸಿದ್ದು) ಸರಿ. ಕಫ, ಪಿತ್ತದ ಜೊತೆ ಇದೇ ಪದ ಬಂದರೆ ಮಾತ್ರ ‘ಬತ್ತಿಸಿದ’ ಬೇಡ, ಅಲ್ಲಿ ಯಾರೂ ಬತ್ತಿಸಿಲ್ಲ ಅಲ್ವಾ. ‘ಗಟ್ಟಿಕಟ್ಟಿದ ಕಫ’ ಅನ್ನಿ.